ಉಸಿರು ಕಡಿಯದ ದಾಟುವರಸೆ

ಪ್ರತಿ ವರ್ಷ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನಾಚರಣೆಯ ಮೈದಾನದಲ್ಲಿ ಬ್ಯೂಗಲ್ ಮೊಳಗುತ್ತದೆ. ‘ಲಾಸ್ಟ್ ಪೋಸ್ಟ್’ ಎಂಬ ಆ ಧಾಟಿಯನ್ನು ನುಡಿಸುವಾಗ ವಾದಕರ ಬೆರಳುಗಳನ್ನು ಗಮನಿಸಿದ್ದೀರಾ? ಅವು ಅಲುಗುವುದೇ ಇಲ್ಲ. ಬ್ಯೂಗಲ್‌ಗೆ ಕೊಳಲಿಗಿರುವ ರಂಧ್ರಗಳಿಲ್ಲ, ಹಾರ್ಮೋನಿಯಂಗಿರುವ ಮನೆಗಳಿಲ್ಲ, ಒತ್ತಲು ಪಿಸ್ಟನ್ನೂ ಇಲ್ಲ. ಸುತ್ತಿ ಬಗ್ಗಿಸಿದ ಒಂದು ಕೊಳವೆ, ಒಂದು ತುದಿಗೆ ಮೌತ್‌ಪೀಸ್, ಇನ್ನೊಂದು ತುದಿಗೆ ಅಗಲವಾದ ಬಾಯಿ. ಆದರೂ ಅದರಿಂದ ನಾಲ್ಕೈದು ಬೇರೆ ಬೇರೆ ಸ್ವರಗಳು ಹೊರಡುತ್ತವೆ. ನಮ್ಮ ಜಾತ್ರೆ, ರಥೋತ್ಸವಗಳಲ್ಲಿ ಊದುವ ಕೊಂಬು ಕಹಳೆಯೂ ಹೀಗೆಯೇ. ಸ್ವರ ಬದಲಿಸುವ ಕೆಲಸವೆಲ್ಲ ಊದುವವರ ಬಾಯಿಯಲ್ಲೇ ನಡೆದುಹೋಗುತ್ತದೆ.

ಇದೇ ಕೆಲಸವನ್ನು ಟ್ರೊಂಬೋನ್, ಯೂಫೋನಿಯಂ, ಟ್ಯೂಬಾದಂಥ ಮಂದ್ರಸ್ಥಾಯಿಯ ಹಿತ್ತಾಳೆ ವಾದ್ಯಗಳಲ್ಲಿ ನಯವಾಗಿ ಮಾಡುವುದನ್ನು ಬ್ಯಾಂಡಿನವರು ‘ಲಿಪ್ ಸ್ಲರ್’ ಎನ್ನುತ್ತಾರೆ. ಸ್ಲೈಡ್ ಕದಲಿಸುವಂತಿಲ್ಲ, ಪಿಸ್ಟನ್ ಬದಲಿಸುವಂತಿಲ್ಲ, ನಾಲಿಗೆಯಿಂದ ‘ತ’ ಎಂದು ತಾಕಿಸುವಂತಿಲ್ಲ. ಒಂದೇ ಉಸಿರಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ದಾಟಬೇಕು, ದಾಟಿದ್ದು ಕೇಳುವವರಿಗೆ ತೊಡಕಾಗಿ ತಟ್ಟಬಾರದು. ಕರ್ನಾಟಕ ಸಂಗೀತ ಕಲಿತವರಿಗೆ ಸರಳೆ, ಜಂಟಿ ಆದ ಮೇಲೆ ಬರುವ ದಾಟುವರಸೆ ನೆನಪಿರುತ್ತದೆ. ಪಕ್ಕದ ಸ್ವರಕ್ಕೆ ಹೋಗದೆ ನಡುವಿನದನ್ನು ಹಾರಿ ಮುಂದಿನದನ್ನು ಹಿಡಿಯುವ ಪಾಠ ಅದು. ಲಿಪ್ ಸ್ಲರ್ ಹಿತ್ತಾಳೆ ವಾದ್ಯದವರ ದಾಟುವರಸೆ. ನಮ್ಮಲ್ಲಿ ಬ್ಯಾಂಡ್ ಕಲಿಯುವ ಹುಡುಗ ಹುಡುಗಿಯರು ಅತ್ಯಂತ ಕಡಿಮೆ ಅಭ್ಯಾಸ ಮಾಡುವುದು ಇದನ್ನೇ, ಅವರ ನಾದ ಒರಟಾಗಿ ಉಳಿಯಲು ಮುಖ್ಯ ಕಾರಣವೂ ಇದೇ ಎಂದು ಯೂಫೋನಿಯಂ ಹಿಡಿದ ನನ್ನಂಥವನಿಗೆ ದಿನದಿನಕ್ಕೂ ಖಚಿತವಾಗುತ್ತಿದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಈ ದಾಟುವಿಕೆಯಲ್ಲಿ ತುಟಿಯ ಪಾಲು ಜನ ಅಂದುಕೊಂಡದ್ದಕ್ಕಿಂತ ಚಿಕ್ಕದು. ದೊಡ್ಡ ಪಾಲು ಉಸಿರಿನದು, ಅದಕ್ಕಿಂತ ದೊಡ್ಡದು ಕಿವಿಯದು.

ಕೊಳವೆಯೊಳಗೆ ಸ್ವರಗಳು ಹೇಗೆ ಕೂತಿವೆ ಎಂದು ತಿಳಿದರೆ ಅಭ್ಯಾಸದ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಟ್ರೊಂಬೋನ್ ಮತ್ತು ಯೂಫೋನಿಯಂ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 2.7 ಮೀಟರ್ ಉದ್ದ. ಅಷ್ಟು ಉದ್ದದ ಕೊಳವೆಯ ಮೂಲಸ್ವರ ಬಿ ಫ್ಲ್ಯಾಟ್, ಸೆಕೆಂಡಿಗೆ ಸುಮಾರು 58 ಕಂಪನ. ಅದರ ಮೇಲೆ ಅದೇ ಕೊಳವೆ ಕೊಡುವ ಸ್ವರಗಳು ಆ ಸಂಖ್ಯೆಯ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಹೀಗೆ ಏರುತ್ತವೆ: 117, 175, 233, 291, 350. ಸಂಖ್ಯೆ ಬಿಟ್ಟು ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಷಡ್ಜ, ಅದರ ಮೇಲಿನ ಷಡ್ಜ, ಪಂಚಮ, ಮತ್ತೊಂದು ಷಡ್ಜ, ಅಂತರ ಗಾಂಧಾರ, ಮತ್ತೆ ಪಂಚಮ. ಏಳನೆಯದು ತುಸು ತಗ್ಗಿದ ಕೈಶಿಕಿ ನಿಷಾದ, ಎಂಟನೆಯದು ಪುನಃ ಷಡ್ಜ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿ ಮೀಟಿದಾಗ ಯಾರೂ ನುಡಿಸದ ಗಾಂಧಾರವೊಂದು ಮೇಲೆ ತೇಲಿ ಕೇಳಿಸುತ್ತದಲ್ಲ, ಸ್ವಯಂಭೂ ಸ್ವರ ಎಂದು ಸಂಗೀತಗಾರರು ಕರೆಯುವುದು, ಈ ಐದನೆಯ ಸ್ವರ ಅದೇ. ತಂತಿಯಲ್ಲಿ ಅವೆಲ್ಲ ಒಟ್ಟಿಗೆ ಹುಟ್ಟಿ ಒಂದರೊಳಗೊಂದು ಬೆರೆತಿರುತ್ತವೆ. ಹಿತ್ತಾಳೆ ವಾದ್ಯದಲ್ಲಿ ವಾದಕ ತನಗೆ ಬೇಕಾದ ಒಂದನ್ನು ಆರಿಸಿ ಎತ್ತಿಕೊಳ್ಳುತ್ತಾನೆ.

ಇಲ್ಲೊಂದು ಸೂಕ್ಷ್ಮವಿದೆ. ಕೆಳಗಿನ ಸ್ವರಗಳ ನಡುವಣ ಅಂತರ ದೊಡ್ಡದು, ಮೇಲೆ ಹೋದಂತೆ ಕಿರಿದಾಗುತ್ತದೆ. ಷಡ್ಜದಿಂದ ಷಡ್ಜಕ್ಕೆ ಒಂದು ಇಡೀ ಸ್ಥಾಯಿ, ಅಲ್ಲಿಂದ ಪಂಚಮಕ್ಕೆ ಅದರ ಅರ್ಧಕ್ಕಿಂತ ತುಸು ಹೆಚ್ಚು, ಪಂಚಮದಿಂದ ಷಡ್ಜಕ್ಕೆ ಇನ್ನೂ ಕಡಿಮೆ, ಷಡ್ಜದಿಂದ ಗಾಂಧಾರಕ್ಕೆ ಮತ್ತೂ ಕಡಿಮೆ. ಫ್ರೆಂಚ್ ಹಾರ್ನ್ ನುಡಿಸುವವರು ಹೆಚ್ಚಾಗಿ ಓಡಾಡುವುದು ಮೇಲಿನ ಒತ್ತೊತ್ತಾದ ಮೆಟ್ಟಿಲುಗಳಲ್ಲಿ. ಟ್ಯೂಬಾದವರ ಬದುಕು ಕೆಳಗಿನ ಅಗಲ ಮೆಟ್ಟಿಲುಗಳಲ್ಲಿ. ಹಾಗಾಗಿ ಅವರು ಒಂದೊಂದು ಸಲವೂ ದೊಡ್ಡ ಹೆಜ್ಜೆ ಇಡಬೇಕು, ಇಟ್ಟದ್ದು ಸದ್ದಾಗದಂತೆ ಇಡಬೇಕು.

ಇನ್ನೊಂದು ತೊಡಕು ಕೊಳವೆಯ ಉದ್ದದಿಂದಲೇ ಬರುತ್ತದೆ. ತುಟಿ ಕಂಪಿಸಿದಾಗ ಹುಟ್ಟಿದ ಅಲೆ ಕೊಳವೆಯುದ್ದಕ್ಕೂ ಸಾಗಿ, ಬೆಲ್ ಎನ್ನುವ ಅಗಲ ಬಾಯಿಯ ಕಡೆಯಿಂದ ಪ್ರತಿಫಲಿಸಿ, ಮರಳಿ ತುಟಿಗೆ ಬಂದು ತಾಕುತ್ತದೆ. ಹಾಗೆ ಮರಳಿ ಬಂದ ಅಲೆಯೇ ತುಟಿಯನ್ನು ಸರಿಯಾದ ಲಯದಲ್ಲಿ ಕಂಪಿಸುವಂತೆ ಹಿಡಿದು ನಿಲ್ಲಿಸುವುದು. ಟ್ರೊಂಬೋನ್‌ನಲ್ಲಿ ಈ ಹೋಗಿಬರುವ ದಾರಿ ಸುಮಾರು ಐದೂವರೆ ಮೀಟರ್. ಶಬ್ದದ ವೇಗದಲ್ಲಿ ಅದಕ್ಕೆ ಹಿಡಿಯುವುದು ಸುಮಾರು 16 ಮಿಲಿಸೆಕೆಂಡ್. ದೊಡ್ಡ ಬಿ ಫ್ಲ್ಯಾಟ್ ಟ್ಯೂಬಾದ ಕೊಳವೆ ಇದರ ಎರಡರಷ್ಟು, ಅಂದರೆ ಸುಮಾರು 5.5 ಮೀಟರ್ ಇರುವುದರಿಂದ ಸಮಯವೂ ಎರಡರಷ್ಟು, 32 ಮಿಲಿಸೆಕೆಂಡ್‌ನ ಆಸುಪಾಸು. ಸ್ವರ ಬದಲಿಸಿದ ಮರುಗಳಿಗೆ ಅಷ್ಟು ಹೊತ್ತು ತುಟಿಗೆ ಕೊಳವೆಯ ಸಹಾಯವಿಲ್ಲ. ಹಳೆಯ ಸ್ವರದ ಅಲೆ ಇನ್ನೂ ಒಳಗೇ ಸುತ್ತುತ್ತಿರುತ್ತದೆ, ಹೊಸದು ಇನ್ನೂ ನೆಲೆಗೊಂಡಿರುವುದಿಲ್ಲ. ಆ ಕ್ಷಣದಲ್ಲಿ ಉಸಿರು ಸ್ವಲ್ಪ ಹಿಂಜರಿದರೂ ನಾದದಲ್ಲಿ ತೂತು ಬೀಳುತ್ತದೆ, ಉಸಿರನ್ನು ಗುದ್ದಿದರೆ ಗುದ್ದಿದ್ದೇ ಕೇಳುತ್ತದೆ. ಮುಂದೆ ಹೇಳುವ ಅಭ್ಯಾಸಗಳೆಲ್ಲ ಈ ಚಿಕ್ಕ ಗಳಿಗೆಯನ್ನು ದಾಟಿಸುವ ಉಪಾಯಗಳು.

ಪಿಸ್ಟನ್‌ಗಳು ಹಿತ್ತಾಳೆ ವಾದ್ಯಕ್ಕೆ ಬಂದದ್ದು ತೀರ ಹಳೆಯ ಮಾತಲ್ಲ. ಪ್ರಷ್ಯಾದಲ್ಲಿ ಹೈನ್‌ರಿಷ್ ಸ್ಟೋಲ್ಜೆಲ್ ಮತ್ತು ಫ್ರೀಡ್‌ರಿಷ್ ಬ್ಲ್ಯೂಮೆಲ್ ವಾಲ್ವ್‌ಗೆ ಪೇಟೆಂಟ್ ಪಡೆದದ್ದು 1818ರಲ್ಲಿ. ಬರ್ಲಿನ್ನಿನ ಬ್ಯಾಂಡ್ ಮಾಸ್ಟರ್ ವಿಲ್ಹೆಲ್ಮ್ ವೀಪ್‌ರೆಷ್ಟ್ ಮತ್ತು ವಾದ್ಯ ತಯಾರಕ ಯೋಹಾನ್ ಗಾಟ್‌ಫ್ರೀಡ್ ಮೊರಿಟ್ಸ್ ಸೇರಿ ಟ್ಯೂಬಾಕ್ಕೆ ಪೇಟೆಂಟ್ ಪಡೆದದ್ದು 1835ರಲ್ಲಿ. ಅದಕ್ಕೂ ಮೊದಲಿನ ತುತ್ತೂರಿ, ಹಾರ್ನ್‌ಗಳವರು ಸ್ವರಕ್ಕಾಗಿ ಬಹುತೇಕ ತುಟಿಯನ್ನೇ ನಂಬಿದ್ದರು. ಮೂರು ಪಿಸ್ಟನ್ ಬಂದ ಮೇಲೆ ಬೆರಳಿಗೆ ಕೆಲಸ ಸಿಕ್ಕಿತು, ಆದರೆ ಮೂಲ ಲೆಕ್ಕ ಬದಲಾಗಲಿಲ್ಲ. ಎರಡನೆಯ ಪಿಸ್ಟನ್ ಒತ್ತಿದರೆ ಕೊಳವೆ ಅರ್ಧ ಸ್ವರದಷ್ಟು ಉದ್ದವಾಗುತ್ತದೆ, ಒಂದನೆಯದು ಒತ್ತಿದರೆ ಒಂದು ಪೂರ್ಣ ಸ್ವರದಷ್ಟು, ಮೂರನೆಯದಕ್ಕೆ ಒಂದೂವರೆ ಸ್ವರದಷ್ಟು. ಹೀಗೆ ಏಳು ಉದ್ದಗಳು. ಟ್ರೊಂಬೋನ್‌ನ ಸ್ಲೈಡಿಗೂ ಏಳು ಪೊಸಿಷನ್. ಪ್ರತಿ ಉದ್ದದಲ್ಲೂ ಅದೇ ಸ–ಪ–ಸ–ಗ–ಪ ಸಾಲು, ಷಡ್ಜ ಮಾತ್ರ ಅರ್ಧರ್ಧ ಸ್ವರ ಕೆಳಗಿಳಿಯುತ್ತದೆ. ಒಂದು ಪಾಠ ಕಲಿತರೆ ಏಳು ಕಡೆ ಅದೇ ಪಾಠ.

ಬಾಯೊಳಗೆ ಏನಾಗುತ್ತದೆ? ತುಟಿಗಳ ಅಂಚು ಬಿಗಿಯಾದರೆ, ಕಂಪಿಸುವ ಭಾಗ ಚಿಕ್ಕದಾದರೆ, ಕಂಪನ ಹೆಚ್ಚುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಇದನ್ನಷ್ಟೇ ನಂಬಿದವರು ಮೇಲಿನ ಸ್ವರಕ್ಕೆ ಹೋಗಲು ತುಟಿಯನ್ನು ಹಿಂಡುತ್ತಾರೆ, ಎಡಗೈಯಿಂದ ಮೌತ್‌ಪೀಸನ್ನು ಹಲ್ಲಿಗೆ ಒತ್ತುತ್ತಾರೆ, ನಾದ ಸಣಕಲಾಗುತ್ತದೆ. ನಾಲಿಗೆಯ ಪಾತ್ರ ಅಷ್ಟೇ ದೊಡ್ಡದು. ಜರ್ಮನಿಯ ಗಟಿಂಗೆನ್‌ನಲ್ಲಿರುವ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯಲ್ಲಿ ಹಾರ್ನ್ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಅಯಸ್ಕಾಂತಕ್ಕೆ ಸಿಗದ ವಸ್ತುವಿನಿಂದ ಮಾಡಿದ ವಾದ್ಯ ಕೊಟ್ಟು ನುಡಿಸಿ, ಬಾಯೊಳಗಿನ ಚಲನೆಯನ್ನು ಚಲನಚಿತ್ರವಾಗಿ ಹಿಡಿದಿದ್ದಾರೆ. ನುರಿತವರು ಸ್ಲರ್ ಮಾಡುತ್ತಾ ಏರುವಾಗ ನಾಲಿಗೆಯ ಬೆನ್ನು ಅಂಗುಳದತ್ತ ಏಳುವುದೂ ಇಳಿಯುವಾಗ ತಗ್ಗುವುದೂ ಅದರಲ್ಲಿ ಕಾಣುತ್ತದೆ. ನಮಗೆ ಇದನ್ನು ತಿಳಿಯಲು ಯಂತ್ರ ಬೇಕಿಲ್ಲ. ‘ಆ’ ಎಂದು ಹೇಳಿ, ಉಸಿರು ನಿಲ್ಲಿಸದೆ ‘ಈ’ಗೆ ಬನ್ನಿ. ನಾಲಿಗೆ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಕೆಳಗಿನ ಸ್ವರಕ್ಕೆ ‘ಓ’ ಅಥವಾ ‘ಆ’, ನಡುವಿನದಕ್ಕೆ ‘ಎ’, ಮೇಲಿನದಕ್ಕೆ ‘ಈ’. ಯೂಫೋನಿಯಂ, ಟ್ರೊಂಬೋನ್‌ನವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಟ್ಯೂಬಾದವರು ‘ಈ’ವರೆಗೆ ಹೋಗಬಾರದು. ಅಷ್ಟು ಇಕ್ಕಟ್ಟಾದ ಬಾಯಿಗೆ ಆ ವಾದ್ಯದ ಮಂದ್ರ ನಾದ ಒಲಿಯುವುದಿಲ್ಲ. ಅವರು ‘ಓ’ದಿಂದ ‘ಎ’ಯವರೆಗಿನ ಚಲನೆಯಲ್ಲೇ ಕೆಲಸ ಮುಗಿಸಬೇಕು, ಉಳಿದದ್ದನ್ನು ಕೆಳದವಡೆ ನೋಡಿಕೊಳ್ಳಬೇಕು.

ವಾದ್ಯ ಎತ್ತಿಕೊಳ್ಳುವ ಮೊದಲು ಹಾಡಿ. ಇದು ಪಾಠದ ಮುನ್ನುಡಿ ಎಂದು ಯಾರೂ ತಿಳಿಯಬಾರದು, ನನ್ನ ಪ್ರಕಾರ ಇದೇ ಪಾಠ. ಕೊಳವೆಯೊಳಗೆ ಷಡ್ಜ, ಪಂಚಮಗಳು ಒಂದರ ಪಕ್ಕ ಒಂದು ಇರುವಾಗ ತುಟಿ ಯಾವುದನ್ನು ಹಿಡಿಯಬೇಕು ಎಂದು ನಿರ್ಧರಿಸುವುದು ಮನಸ್ಸಿನಲ್ಲಿ ಮೊದಲೇ ಕೇಳಿಸಿದ ಸ್ವರ. ಆ ಸ್ವರ ಮಸುಕಾಗಿದ್ದರೆ ತುಟಿ ತಡವರಿಸುತ್ತದೆ. ಫೋನಿನ ತಂಬೂರಿ ಆ್ಯಪ್‌ನಲ್ಲಿ ಬಿ ಫ್ಲ್ಯಾಟ್, ಅಂದರೆ ನಮ್ಮ ಲೆಕ್ಕದ ಆರೂವರೆ ಮನೆ ಶ್ರುತಿ ಇಟ್ಟುಕೊಂಡು ಪ–ಸ–ಪ ಎಂದು ಅಕಾರದಲ್ಲಿ ಹಾಡಿ. ಗಮಕ ಬೇಡ, ಜಾರು ಬೇಡ. ಎರಡು ಸ್ವರ ಎರಡಾಗಿಯೇ ನಿಲ್ಲಬೇಕು, ನಡುವೆ ಉಸಿರು ಕಡಿಯಬಾರದು. ಕಂಠದಲ್ಲಿ ಇದು ಬಂದರೆ ವಾದ್ಯಕ್ಕೆ ಅರ್ಧ ದಾರಿ ಬಂದಂತೆ. ಕರ್ನಾಟಕ ಸಂಗೀತದ ಕಿವಿ ಇರುವ ನಮ್ಮ ಮಕ್ಕಳಿಗೆ ಇಲ್ಲಿ ದೊಡ್ಡ ಅನುಕೂಲವಿದೆ, ಅದನ್ನು ಬ್ಯಾಂಡ್ ತರಗತಿಯಲ್ಲಿ ಯಾರೂ ಬಳಸಿಕೊಳ್ಳುತ್ತಿಲ್ಲ ಎಂಬುದು ನನ್ನ ನೋವು.

ಹಾಡಿನಿಂದ ಆರಂಭಿಸುವ ಈ ದಾರಿಯನ್ನು ದೊಡ್ಡ ಗುರುಗಳೇ ತುಳಿದಿದ್ದಾರೆ. ಷಿಕಾಗೊ ಸಿಂಫನಿ ಆರ್ಕೆಸ್ಟ್ರಾದಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದ ಆರ್ನಾಲ್ಡ್ ಜೇಕಬ್ಸ್ ತಮ್ಮ ಬೋಧನೆಯನ್ನೆಲ್ಲ ಹಾಡು ಮತ್ತು ಗಾಳಿ ಎಂಬ ಎರಡು ಮಾತಿನಲ್ಲಿ ಅಡಗಿಸಿದ್ದರು. ಉಬ್ಬಸವಿದ್ದ ಮನುಷ್ಯ ಅಷ್ಟು ದೊಡ್ಡ ವಾದ್ಯವನ್ನು ಅಷ್ಟು ವರ್ಷ ಆಳಿದ್ದನ್ನು ನೆನೆದರೆ, ಗಾಳಿಯನ್ನು ಬಲವಾಗಿ ತಳ್ಳುವುದಕ್ಕಿಂತ ಧಾರಾಳವಾಗಿ ಹರಿಯಬಿಡುವುದು ಮುಖ್ಯ ಎಂದು ಅವರು ಹೇಳುತ್ತಿದ್ದುದರ ತೂಕ ತಿಳಿಯುತ್ತದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ 1922ರಿಂದ 1971ರಲ್ಲಿ ತೀರಿಕೊಳ್ಳುವವರೆಗೆ ಟ್ರೊಂಬೋನ್ ಕಲಿಸಿದ ಎಮೊರಿ ರೆಮಿಂಗ್‌ಟನ್, ವಿದ್ಯಾರ್ಥಿಗಳು ನುಡಿಸುವಾಗ ಪಕ್ಕದಲ್ಲಿ ನಿಂತು ತಾವೂ ಹಾಡುತ್ತಿದ್ದರು. ಅವರು ರೂಪಿಸಿದ ದೀರ್ಘಸ್ವರ ಮತ್ತು ಸ್ಲರ್ ಪಾಠಗಳಿಂದಲೇ ಇವತ್ತಿಗೂ ಜಗತ್ತಿನ ಎಷ್ಟೋ ಟ್ರೊಂಬೋನ್ ವಾದಕರ ಬೆಳಗು ಶುರುವಾಗುತ್ತದೆ. ಬಾಸ್ಟನ್ ಸಿಂಫನಿಯ ಟ್ರೊಂಬೋನ್ ವಾದಕ ಜೊವಾನಿಸ್ ರೊಶು 1928ರಲ್ಲಿ ಹೊರತಂದ ಪಾಠಮಾಲೆಯಂತೂ ಇಟಲಿಯ ಗಾಯನ ಗುರು ಮಾರ್ಕೊ ಬೊರ್ಡೋನ್ಯಿ ಹಾಡುಗಾರರಿಗಾಗಿ ಬರೆದ ಸ್ವರಾಭ್ಯಾಸಗಳದೇ ರೂಪಾಂತರ. ಸಾಹಿತ್ಯವಿಲ್ಲದೆ ಬರಿಯ ಸ್ವರವರ್ಣದಲ್ಲಿ ಹಾಡುವ ಪಾಠಗಳು ಅವು, ನಮ್ಮ ಅಕಾರ ಸಾಧನೆಯ ಜಾತಿಯವು.

ಈಗ ವಾದ್ಯಕ್ಕೆ ಬರೋಣ. ಮೊದಲ ಪಾಠ ಪ–ಸ–ಪ. ಟ್ರೊಂಬೋನ್‌ನಲ್ಲಿ ಸ್ಲೈಡ್ ಪೂರ್ತಿ ಒಳಗಿರಲಿ, ಯೂಫೋನಿಯಂನಲ್ಲಿ ಯಾವ ಪಿಸ್ಟನ್ನೂ ಒತ್ತದಿರಿ. ಎಫ್‌ನಿಂದ ಮೇಲಿನ ಬಿ ಫ್ಲ್ಯಾಟ್‌ಗೆ ಹೋಗಿ ಮತ್ತೆ ಎಫ್‌ಗೆ ಬರುವುದು. ಬಿ ಫ್ಲ್ಯಾಟ್ ಟ್ಯೂಬಾದವರಿಗೆ ಇದೇ ಒಂದು ಸ್ಥಾಯಿ ಕೆಳಗೆ. ಮೆಟ್ರೊನೋಮ್ 60ಕ್ಕೆ ಇಟ್ಟು ಪಂಚಮಕ್ಕೆ ನಾಲ್ಕು ಎಣಿಕೆ, ಷಡ್ಜಕ್ಕೆ ನಾಲ್ಕು, ಮರಳಿ ಪಂಚಮಕ್ಕೆ ನಾಲ್ಕು. ಆಮೇಲೆ ನಾಲ್ಕು ಎಣಿಕೆ ಬಿಡುವು. ಬಿಡುವಿನ ಕೊನೆಯ ಎರಡು ಎಣಿಕೆಗಳಲ್ಲಿ ಹೊಟ್ಟೆಯವರೆಗೆ ಉಸಿರೆಳೆದು, ದಮ್ಮು ಕಟ್ಟದೆ ನೇರ ಊದಲು ಶುರುಮಾಡಿ. ದಮ್ಮು ಕಟ್ಟಿದ ಅರೆಗಳಿಗೆಯಲ್ಲೇ ಗಂಟಲು ಬಿಗಿಯಾಗುತ್ತದೆ, ಬಿಗಿದ ಗಂಟಲಿನಿಂದ ನಯ ಹೊರಡದು.

ಸ್ವರಗಳು ನಿಧಾನ, ಆದರೆ ದಾಟುವಿಕೆ ಚುರುಕು. ನಾನು ಕಂಡ ಬಹುತೇಕ ಕಲಿಯುವವರು ಇಲ್ಲೇ ಎಡವುತ್ತಾರೆ. ಪಾಠ ನಿಧಾನವಾಗಿದೆ ಎಂದು ತುಟಿಯನ್ನೂ ನಿಧಾನವಾಗಿ ಬಿಗಿಸುತ್ತಾ ಹೋಗುತ್ತಾರೆ. ಮೂರನೆಯ ಎಣಿಕೆಗೇ ಪಂಚಮ ಶ್ರುತಿ ಬಿಟ್ಟು ಮೇಲೆ ಸರಿಯತೊಡಗುತ್ತದೆ, ಕೊಳವೆ ಹಿಡಿದಿಡುವಷ್ಟು ಹಿಡಿದು ಕೊನೆಗೆ ಕೈಬಿಟ್ಟಾಗ ಷಡ್ಜ ಧಡಕ್ಕನೆ ಹಾರಿ ಬೀಳುತ್ತದೆ. ಪಂಚಮ ತನ್ನ ನಾಲ್ಕು ಎಣಿಕೆಯ ಕೊನೆಯ ಕ್ಷಣದವರೆಗೂ ಶುದ್ಧ ಪಂಚಮವಾಗಿರಬೇಕು. ಐದನೆಯ ತಟ್ಟು ಬಿದ್ದಾಗ ಷಡ್ಜ ಅಲ್ಲಿರಬೇಕು. ನಾಲಿಗೆಯ ಏಳುವಿಕೆ, ತುಟಿಯ ಬಿಗಿ, ಎರಡೂ ಆ ಒಂದು ತಟ್ಟಿನಲ್ಲಿ ಆಗಿಹೋಗಬೇಕು. ಉಸಿರು ಮಾತ್ರ ಯಾವುದನ್ನೂ ಅರಿಯದಂತೆ ಒಂದೇ ಸಮನೆ ಹರಿಯುತ್ತಿರಬೇಕು.

ಹರಿಯುತ್ತಿದೆಯೋ ಇಲ್ಲವೋ ಎಂದು ನೋಡಲು ವಾದ್ಯವನ್ನು ಕೆಳಗಿಡಿ. ಅಂಗೈಯನ್ನು ಬಾಯಿಗೆ ಒಂದು ಗೇಣು ದೂರದಲ್ಲಿ ಹಿಡಿದು, ಸ್ವರವಿಲ್ಲದೆ ಗಾಳಿಯಲ್ಲೇ ಪ–ಸ–ಪ ಪಾಠವನ್ನು ಊದಿ. ‘ಓ’ದಿಂದ ‘ಎ’ಗೆ ಹೋದಾಗ ಗಾಳಿ ಕೈಗೆ ತುಸು ತೆಳುವಾಗಿ, ತಣ್ಣಗೆ ತಾಕಬಹುದು, ಆದರೆ ನಡುವೆ ನಿಲ್ಲಬಾರದು. ನಿಂತರೆ ಅಂಗೈಗೆ ತಕ್ಷಣ ಗೊತ್ತಾಗುತ್ತದೆ. ಬಳಿಕ ಮೌತ್‌ಪೀಸ್ ಒಂದರಲ್ಲೇ ಅದೇ ಎರಡು ಸ್ವರ. ಅಲ್ಲಿ ಕೊಳವೆಯಿಲ್ಲದ ಕಾರಣ ಮೆಟ್ಟಿಲೂ ಇಲ್ಲ, ತುಟಿ ನಡುವಿನ ಎಲ್ಲ ಶ್ರುತಿಗಳ ಮೇಲೂ ಸಾಗಿಯೇ ಮೇಲೆ ಹೋಗಬೇಕು. ಸಾಗುವಾಗ ಝೇಂಕಾರ ಎಲ್ಲಿ ಬಿಟ್ಟುಹೋಗುತ್ತದೋ ಅಲ್ಲೇ ನಿಮ್ಮ ಸ್ಲರ್ ಒಡೆಯುತ್ತಿರುವುದು. ಮೌತ್‌ಪೀಸ್ ಅಭ್ಯಾಸ ಎಷ್ಟು ಹೊತ್ತು ಬೇಕು ಎಂಬುದರಲ್ಲಿ ಗುರುಗಳಲ್ಲಿ ಒಮ್ಮತವಿಲ್ಲ. ಎರಡು ಮೂರು ನಿಮಿಷ ಸಾಕು ಎನ್ನುವವರ ಪಕ್ಷ ನನ್ನದು. ಹೆಚ್ಚಾದರೆ ತುಟಿ ಬಿಗಿ ಹಿಡಿದು ಊದುವ ಚಟ ಅಂಟುತ್ತದೆ.

ಪ–ಸ–ಪ ಹಗುರಾದ ಮೇಲೆ ಅರ್ಧರ್ಧ ಸ್ವರ ಇಳಿಸುತ್ತಾ ಏಳೂ ಉದ್ದಗಳಲ್ಲಿ ನುಡಿಸಿ. ಪಿಸ್ಟನ್‌ನವರಿಗೆ ಕ್ರಮ: ತೆರೆದದ್ದು, 2, 1, 1-2, 2-3, 1-3, 1-2-3. ಕೆಳಗಿಳಿದಂತೆ ಕೊಳವೆ ಉದ್ದವಾಗಿ ವಾದ್ಯ ಹೆಚ್ಚು ಉಸಿರು ಬೇಡುತ್ತದೆ, ಪ್ರತಿಕ್ರಿಯೆ ಮಂದವಾಗುತ್ತದೆ. ಏಳನೆಯದರಲ್ಲೂ ಒಂದನೆಯದರಷ್ಟೇ ನಯ ಬಂದರೆ ಮುಂದಿನ ಪಾಠಕ್ಕೆ ಹೊರಡಬಹುದು. ಆಮೇಲೆ ಕೆಳಗಿನ ಸ–ಪ–ಸ, ಅದು ಹೆಚ್ಚು ಅಗಲ. ಆಮೇಲೆ ಸ–ಪ–ಸ–ಪ–ಸ ಎಂದು ಎರಡು ಮೆಟ್ಟಿಲು ಏರಿ ಇಳಿಯುವುದು. ಮೇಲಿನ ಸ–ಗ–ಪ–ಗ–ಸ ಕೊನೆಗೆ. ಎಣಿಕೆಯನ್ನು ನಾಲ್ಕರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತರುವುದು ಮೂರು ಕಾಲಗಳ ನಮ್ಮ ಪದ್ಧತಿಯಂತೆಯೇ. ಮೆಟ್ರೊನೋಮ್ ಅನ್ನು ಮುಟ್ಟುವುದೇ ಬೇಡ.

ಏರುವುದು ಕಷ್ಟ, ಇಳಿಯುವುದು ಸುಲಭ ಎಂದು ಹೊಸಬರು ಹೇಳುತ್ತಾರೆ. ಕೇಳುವ ಕಿವಿಗೆ ಅದು ತಿರುಗುಮುರುಗು. ಮೇಲಿನಿಂದ ಕೆಳಗೆ ಬರುವಾಗ ತುಟಿ ಸಡಿಲಿಸಿದರಾಯಿತು ಎಂದುಕೊಂಡು ಉಸಿರನ್ನೂ ಸಡಿಲಿಸಿಬಿಡುತ್ತಾರೆ, ಕೆಳಗಿನ ಸ್ವರ ಜೀವ ಕಳೆದುಕೊಂಡು, ಶ್ರುತಿಯಿಂದ ಒಂದು ಎಳೆ ಕೆಳಗೆ ಕುಸಿದು ನಿಲ್ಲುತ್ತದೆ. ಕೆಳಗಿನ ಸ್ವರಕ್ಕೆ ಬೇಕಾದ್ದು ಹೆಚ್ಚು ಗಾಳಿ, ಒತ್ತಡ ಕಡಿಮೆ ಇರಬಹುದು. ಇಳಿಯುವ ಕ್ಷಣದಲ್ಲಿ ಬಾಯೊಳಗೆ ಜಾಗ ದೊಡ್ಡದು ಮಾಡಿಕೊಂಡು, ದವಡೆ ಇಳಿಬಿಟ್ಟು, ಗಾಳಿಯನ್ನು ಅಗಲವಾಗಿಸಿ ಕಳುಹಿಸಬೇಕು. ತುಟಿಯ ಎರಡು ಮೂಲೆಗಳು ಆಗಲೂ ಗಟ್ಟಿಯಾಗಿಯೇ ಇರಲಿ, ಸಡಿಲವಾಗುವುದು ನಡುವಿನ ಭಾಗ ಮಾತ್ರ. ಕನ್ನಡಿಯ ಮುಂದೆ ನಿಂತರೆ ಇದು ಕಣ್ಣಿಗೆ ಕಾಣುತ್ತದೆ. ಮೂಲೆಗಳು ನಗುವಾಗಿನಂತೆ ಹಿಂದಕ್ಕೆ ಎಳೆದುಕೊಂಡರೆ, ಗಲ್ಲದ ಮೇಲೆ ಗಂಟುಗಂಟಾದರೆ, ಏರುವಾಗ ತಲೆ ಮೇಲೆದ್ದರೆ, ಅಲ್ಲೇ ನಿಲ್ಲಿಸಿ ಮೊದಲಿನಿಂದ ಹಿಡಿಯಬೇಕು.

ತಪ್ಪಿಗೆ ಕಾರಣವೇನೆಂದು ಸದ್ದೇ ಹೇಳುತ್ತದೆ. ದಾಟುವಾಗ ‘ಹ’ ಎಂಬ ತಳ್ಳು ಕೇಳಿದರೆ ಗಂಟಲೋ ಹೊಟ್ಟೆಯೋ ಗುದ್ದುತ್ತಿದೆ. ಮೇಲಿನ ಸ್ವರ ಕೆಳಗಿನದಕ್ಕಿಂತ ಜೋರಾಗಿದ್ದರೂ ಅದೇ ರೋಗ. ಷಡ್ಜದಿಂದ ಷಡ್ಜಕ್ಕೆ ಇಡೀ ಸ್ಥಾಯಿ ದಾಟುವಾಗ ನಡುವಿನ ಪಂಚಮ ಒಂದು ಗಳಿಗೆ ಇಣುಕಿ ಹೋದರೆ, ಮನಸ್ಸು ಮೇಲಿನ ಷಡ್ಜವನ್ನು ಸ್ಪಷ್ಟವಾಗಿ ಕೇಳಿಸಿಕೊಂಡಿಲ್ಲ. ಹಾಡಿಗೆ ಮರಳಿ. ಮೇಲಿನ ಸ್ವರ ಕರ್ಕಶವಾಗಿ, ಇಕ್ಕಟ್ಟಾಗಿ ಕೇಳಿದರೆ ಕೈ ಒತ್ತುತ್ತಿದೆ. ಇವನ್ನೆಲ್ಲ ನುಡಿಸುತ್ತಿರುವಾಗಲೇ ಗುರುತಿಸುವುದು ಕಷ್ಟ, ಫೋನಿನಲ್ಲಿ ಧ್ವನಿಮುದ್ರಿಸಿ ಐದು ನಿಮಿಷ ಬಿಟ್ಟು ಕೇಳಿದರೆ ಯಾರೂ ಹೇಳಬೇಕಾಗಿಲ್ಲ.

ಕೆಲವೊಮ್ಮೆ ತಪ್ಪು ವಾದಕರದಾಗಿರುವುದೇ ಇಲ್ಲ. ನಮ್ಮ ಶಾಲೆ, ಬ್ಯಾಂಡ್ ಸೆಟ್‌ಗಳಲ್ಲಿ ಕೈಯಿಂದ ಕೈಗೆ ದಾಟಿ ಬಂದ ಹಳೆಯ ವಾದ್ಯಗಳೇ ಹೆಚ್ಚು. ಎಲ್ಲೋ ಗಾಳಿ ಸೋರುತ್ತಿದ್ದರೆ ಸ್ವರಗಳು ನೆಲೆ ನಿಲ್ಲುವುದಿಲ್ಲ, ಎಷ್ಟೇ ಸಾಧನೆ ಮಾಡಿದರೂ ಸ್ಲರ್ ನಯವಾಗದು. ಪಿಸ್ಟನ್ ಒತ್ತದೆ ಅದರ ಟ್ಯೂನಿಂಗ್ ಸ್ಲೈಡನ್ನು ಸ್ವಲ್ಪ ಹೊರಗೆಳೆದು, ಒಂದೆರಡು ಗಳಿಗೆ ಬಿಟ್ಟು ಪಿಸ್ಟನ್ ಒತ್ತಿ ನೋಡಿ. ಟಪ್ ಎಂದು ಸದ್ದು ಬಂದರೆ ಗಾಳಿ ಬಿಗಿಯಾಗಿದೆ, ಬಾರದಿದ್ದರೆ ಸೋರುತ್ತಿದೆ. ಮಗುವನ್ನು ಗದರುವ ಮುನ್ನ ಮೇಷ್ಟ್ರು ಈ ಪರೀಕ್ಷೆ ಮಾಡುವುದು ನ್ಯಾಯ.

ಟ್ರೊಂಬೋನ್‌ನವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಪಿಸ್ಟನ್ ವಾದ್ಯದಲ್ಲಿ ಸ್ಲರ್ ಎಂದರೆ ಬೆರಳು ಒತ್ತಿದರಾಯಿತು. ಸ್ಲೈಡ್‌ನಲ್ಲಿ ನಾಲಿಗೆ ತಾಕಿಸದೆ ಒಂದೇ ಮೆಟ್ಟಿಲಿನೊಳಗೆ ಸರಿದರೆ ಎರಡು ಸ್ವರದ ನಡುವಿನದೆಲ್ಲ ಜಾರಿ ಕೇಳುತ್ತದೆ. ಅದಕ್ಕೇ ಅಲ್ಲಿ ‘ದ’ ಎಂಬ ಮೆತ್ತನೆಯ ನಾಲಿಗೆ ಬಳಸುತ್ತಾರೆ. ಆದರೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದಾಟುವಾಗ, ಅದರಲ್ಲೂ ಸ್ವರ ಮೇಲೇರಿ ಸ್ಲೈಡ್ ಹೊರಹೋಗುವಾಗ ಅಥವಾ ಸ್ವರ ಇಳಿದು ಸ್ಲೈಡ್ ಒಳಬರುವಾಗ, ಕೊಳವೆಯೇ ಸ್ವರಗಳನ್ನು ಬಿಡಿಸಿಕೊಡುತ್ತದೆ, ನಾಲಿಗೆ ಬೇಕಾಗುವುದಿಲ್ಲ. ಈ ಸಹಜ ಸ್ಲರ್‌ನ ನಯವನ್ನು ಮೊದಲು ಕಿವಿ ತುಂಬಿಕೊಂಡು, ‘ದ’ ಹಾಕುವ ಕಡೆಯೂ ಅದೇ ನಯವನ್ನು ತರಲು ಯತ್ನಿಸುವುದು ಟ್ರೊಂಬೋನ್ ಕಲಿಕೆಯ ಬಹುಪಾಲು. ಬ್ರಾಮ್ಸ್‌ನ ಮೊದಲ ಸಿಂಫನಿಯಲ್ಲಿ ಟ್ರೊಂಬೋನ್‌ನವರು ಮೂರು ಭಾಗಗಳುದ್ದಕ್ಕೂ ಸುಮ್ಮನೆ ಕುಳಿತು, ನಾಲ್ಕನೆಯದರಲ್ಲಿ ಮೆಲ್ಲನೆಯ ಪ್ರಾರ್ಥನಾ ಧಾಟಿಯೊಂದನ್ನು ನುಡಿಸಬೇಕು. ಅಷ್ಟು ಹೊತ್ತು ಸುಮ್ಮನಿದ್ದ ತುಟಿಯಿಂದ ಅಷ್ಟು ಮೃದುವಾಗಿ ಸ್ವರ ಬೆಸೆದು ಬರಬೇಕಾದರೆ ಹಿಂದಿನ ವರ್ಷಗಳ ಸ್ಲರ್ ಸಾಧನೆಯೇ ಕೈ ಹಿಡಿಯಬೇಕು. ಟ್ಯೂಬಾ ಎಂದರೆ ಬರೀ ತಾಳಕ್ಕೆ ಬುಂ ಬುಂ ಎನ್ನುವ ವಾದ್ಯ ಎಂದು ನಂಬಿರುವವರು 1954ರಲ್ಲಿ ಲಂಡನ್ನಿನಲ್ಲಿ ಮೊದಲು ಕೇಳಿಬಂದ ವಾನ್ ವಿಲಿಯಮ್ಸ್‌ನ ಟ್ಯೂಬಾ ಕಂಚರ್ಟೊದ ಎರಡನೆಯ ಭಾಗವನ್ನು ಒಮ್ಮೆ ಕೇಳಬೇಕು. ಆ ವಾದ್ಯ ಎಷ್ಟು ಚೆನ್ನಾಗಿ ಹಾಡಬಲ್ಲದು ಎಂದು ತಿಳಿಯುತ್ತದೆ.

ದಿನಕ್ಕೆ ಎಷ್ಟು ಹೊತ್ತು? ಹತ್ತರಿಂದ ಹದಿನೈದು ನಿಮಿಷ, ಅದೂ ಅಭ್ಯಾಸದ ಆರಂಭದಲ್ಲಿ, ತುಟಿ ತಾಜಾ ಇರುವಾಗ. ನುಡಿಸಿದಷ್ಟೇ ಹೊತ್ತು ಬಿಡುವು ಕೊಡಬೇಕು. ಮಂದ್ರ ವಾದ್ಯದ ಮೌತ್‌ಪೀಸ್ ದೊಡ್ಡದಾದ್ದರಿಂದ ಆಯಾಸ ತಟ್ಟನೆ ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ತುಟಿ ಊದಿಕೊಂಡು ಕೈ ಒತ್ತಲು ಶುರುಮಾಡಿರುತ್ತದೆ. ತುಟಿ ಜುಮ್ಮೆಂದರೆ ಅಂದಿಗೆ ಸಾಕು. ಟ್ಯೂಬಾದವರಿಗೆ ದೀರ್ಘವಾಗಿ ಊದಿದಾಗ ತಲೆ ಹಗುರಾದಂತೆ, ಸುತ್ತಿದಂತೆ ಆಗಬಹುದು. ಕೂತು ಎರಡು ನಿಮಿಷ ಸಹಜವಾಗಿ ಉಸಿರಾಡಿದರೆ ಸರಿಹೋಗುತ್ತದೆ, ಹಟ ಹಿಡಿದು ಮುಂದುವರಿಯಬಾರದು. ಮಧ್ಯಮ ಗಟ್ಟಿತನದಲ್ಲಿ ಕಲಿತದ್ದನ್ನು ಆಮೇಲೆ ಮೆಲ್ಲಗೆ ನುಡಿಸಲು ಕಲಿಯಿರಿ. ಮೆಲ್ಲಗೆ ನುಡಿಸಿದಾಗ ಉಳಿಯುವ ನಯವೇ ನಿಜವಾದ ನಯ.

ಮೈಸೂರು ಅರಮನೆಯ ಬ್ಯಾಂಡ್ ಪರಂಪರೆಯನ್ನು ಮುಂದುವರಿಸಿರುವ ಕರ್ನಾಟಕ ಪೊಲೀಸ್ ಬ್ಯಾಂಡಿನಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಇವೆ. ದಸರೆಯಲ್ಲಿ ಅವರ ವಾದನ ಕೇಳಿದವರಿಗೆ ಹಿತ್ತಾಳೆ ವಾದ್ಯವೂ ನಮ್ಮ ನೆಲದಲ್ಲಿ ಹಾಡಬಲ್ಲದು ಎಂದು ಬೇರೆ ಹೇಳಬೇಕಿಲ್ಲ. ಕರಾವಳಿಯ ಚರ್ಚ್ ಹಬ್ಬಗಳ ಬ್ರಾಸ್ ಬ್ಯಾಂಡ್, ಊರೂರಿನ ಮದುವೆಯ ಬ್ಯಾಂಡ್ ಸೆಟ್, ಬೆಂಗಳೂರಿನ ಸೇನಾ ಕೇಂದ್ರಗಳ ಬ್ಯಾಂಡ್, ಎಲ್ಲೆಡೆ ಯೂಫೋನಿಯಂ, ಟ್ರೊಂಬೋನ್ ಹಿಡಿದವರಿದ್ದಾರೆ. ಶಾಲಾ ಬ್ಯಾಂಡುಗಳೂ ಹೆಚ್ಚುತ್ತಿವೆ. ಆದರೆ ಆಗಸ್ಟ್ 15ಕ್ಕೆ ಮಾರ್ಚ್ ಒಂದು ಸಿದ್ಧವಾಗಬೇಕೆಂಬ ಅವಸರದಲ್ಲಿ ಮಕ್ಕಳಿಗೆ ವಾದ್ಯ ಕೊಟ್ಟ ವಾರದಲ್ಲೇ ಬೆರಳಿನ ಪಾಠ ಒಪ್ಪಿಸಿ, ಜೋರಾಗಿ ಊದು ಎಂದು ಹೇಳಿಬಿಡುತ್ತೇವೆ. ಜೋರಿಗೆ ಒಗ್ಗಿದ ತುಟಿಯನ್ನು ನಾಲ್ಕು ವರ್ಷದ ಮೇಲೆ ನಯಕ್ಕೆ ತಿರುಗಿಸುವುದು ಮೊದಲಿನಿಂದ ಕಲಿಸುವುದಕ್ಕಿಂತ ಹೆಚ್ಚು ಶ್ರಮದ ಕೆಲಸ.

ಬ್ಯಾಂಡ್ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ತರಗತಿಯ ಮೊದಲ ಹದಿನೈದು ನಿಮಿಷ ಯಾವ ಧಾಟಿಯನ್ನೂ ನುಡಿಸಬೇಡಿ. ಶ್ರುತಿ ಹಾಕಿ ಎಲ್ಲರಿಂದ ಪ–ಸ–ಪ ಹಾಡಿಸಿ, ಆಮೇಲೆ ಅದನ್ನೇ ಏಳೂ ಉದ್ದಗಳಲ್ಲಿ ಮೆಲ್ಲಗೆ ಊದಿಸಿ. ಒಂದು ಶಾಲಾ ವರ್ಷ ಬಿಡದೆ ಮಾಡಿ, ಮುಂದಿನ ಆಗಸ್ಟ್‌ನ ಮಾರ್ಚ್ ಅನ್ನು ಆಗ ಕೇಳಿ.